ಇಲ್ಲದ ಕಿರಣವನ್ನು ಕಂಡವರು

1895ರಲ್ಲಿ ಜರ್ಮನಿಯ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ತರುವಾಯ ಐರೋಪ್ಯ ವಿಜ್ಞಾನಿಗಳಲ್ಲಿ ಹೊಸ ಕಿರಣಗಳ ನಿರೀಕ್ಷೆ ಬಲವಾಗಿ ಬೇರೂರಿತ್ತು. ಅಂಥ ಕಾಲದಲ್ಲಿ, 1903ರಲ್ಲಿ, ಫ್ರಾನ್ಸಿನ ನಾನ್ಸಿ ನಗರದ ಭೌತವಿಜ್ಞಾನ ಪ್ರಾಧ್ಯಾಪಕರಾದ ರೆನೆ ಬ್ಲಾಂಡ್ಲೊ ಅವರು ತಾವು ಮತ್ತೊಂದು ಬಗೆಯ ಕಿರಣವನ್ನು ಕಂಡುದಾಗಿ ಪ್ರಕಟಿಸಿದರು. ತಮ್ಮ ಊರಿನ ಮೊದಲಕ್ಷರದಿಂದ ಅದನ್ನು ‘ಎನ್-ಕಿರಣ’ವೆಂದು ಕರೆದರು. ಬ್ಲಾಂಡ್ಲೊ ವಂಚಕರಲ್ಲ, ಸೂಕ್ಷ್ಮ ಪ್ರಯೋಗಗಳಿಗೆ ಹೆಸರಾದ ಗೌರವಾನ್ವಿತ ವಿದ್ವಾಂಸರು. ಈ ಪ್ರಸಂಗವು ವಿಚಾರಯೋಗ್ಯವೆನಿಸುವುದು ಆ ಕಾರಣದಿಂದಲೇ.

ಕಿರಣದ ಇರವಿಗೆ ಸಾಕ್ಷಿಯೇನು? ಕತ್ತಲೆಯ ಕೋಣೆಯಲ್ಲಿ ಮಿನುಗುವ ಒಂದು ಕ್ಷೀಣ ಕಿಡಿ, ಇಲ್ಲವೇ ಮಂದವಾಗಿ ಹೊಳೆಯುವ ಒಂದು ಸಣ್ಣ ಗೆರೆ. ಕಿರಣ ಬಿದ್ದಾಗ ಅದರ ಪ್ರಭೆ ಇನಿತು ಹೆಚ್ಚುವುದಂತೆ! ಹೆಚ್ಚಿತೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಬಹುಮಟ್ಟಿಗೆ ನೋಡುವವನ ಕಣ್ಣೇ. ಕಾಣಬೇಕಾದುದನ್ನು ಮೊದಲೇ ಅರಿತ ಕಣ್ಣಿಗೆ ಅದು ಹೆಚ್ಚಿದಂತೆ ತೋರುವುದು ಸಹಜ. ಅದೇ ನಗರದ ಶಾರ್ಪಾಂತ್ಯೆ ಎಂಬವರು ಮಾನವನ ನರಗಳಿಂದಲೂ ಈ ಕಿರಣ ಹೊಮ್ಮುವುದೆಂದು ಸಾರಿದರು. ಪ್ರಬಂಧಗಳು ಹೇರಳವಾಗಿ ಬಂದವು. ಇಂಗ್ಲೆಂಡ್, ಜರ್ಮನಿಗಳಲ್ಲಿ ಅನೇಕರಿಗೆ ಏನೂ ಕಾಣಲಿಲ್ಲ. ಅವರ ಕಣ್ಣಿಗೆ ಅಭ್ಯಾಸ ಸಾಲದೆಂಬ ಉತ್ತರ ಸಿದ್ಧವಾಗಿತ್ತು. ಇಂಥ ಉತ್ತರವನ್ನು ಒಪ್ಪಿದ ಬಳಿಕ ಯಾವ ವಿರುದ್ಧ ಸಾಕ್ಷ್ಯವೂ ಸಾಕ್ಷ್ಯವಾಗಿ ಉಳಿಯದು.

1904ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ನಾನ್ಸಿಗೆ ಬಂದರು. ಅಲ್ಯೂಮಿನಿಯಮಿನ ಪಟ್ಟಕವೊಂದು ಕಿರಣಗಳನ್ನು ಬೇರ್ಪಡಿಸುವುದೆಂದೂ ಅವು ಬೀಳುವ ಸ್ಥಾನಗಳು ಇಂಥವೆಂದೂ ಕತ್ತಲಿನಲ್ಲಿ ಅವರಿಗೆ ತೋರಿಸಲಾಯಿತು. ವುಡ್ ಸದ್ದಿಲ್ಲದೆ ಆ ಪಟ್ಟಕವನ್ನು ತೆಗೆದುಬಿಟ್ಟರು. ಆದರೂ ಸ್ಥಾನಗಳು ಮೊದಲಿನಂತೆಯೇ ಕಾಣುತ್ತಿದ್ದವೆಂದು ಅವರು ಸೆಪ್ಟೆಂಬರ್ 29ರ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅತಿಥಿಯಾಗಿ ಹೋದವರು ಹೀಗೆ ಮಾಡಬಹುದೇ ಎಂದು ಕೆಲವರಿಗೆ ಅನಿಸೀತು. ಆದರೆ ತಿಳಿಸಿ ತೆಗೆದಿದ್ದರೆ ಪರೀಕ್ಷೆಯೇ ವ್ಯರ್ಥವಾಗುತ್ತಿತ್ತು. ಇಂದು ಹೊಸ ಔಷಧವನ್ನು ಪರೀಕ್ಷಿಸುವಾಗ, ಯಾರಿಗೆ ನಿಜವಾದ ಮದ್ದು, ಯಾರಿಗೆ ಬರಿಯ ಗುಳಿಗೆ ಎಂಬುದನ್ನು ರೋಗಿಗೂ ವೈದ್ಯನಿಗೂ ಮರೆಮಾಡುವ ಪದ್ಧತಿಯ ಹಿಂದಿರುವುದೂ ಇದೇ ಎಚ್ಚರ.

ಫ್ರಾನ್ಸಿನ ಹೊರಗೆ ನಂಬಿಕೆ ಬೇಗನೆ ಕುಸಿಯಿತು. ಒಳಗೆ ಹಾಗಾಗಲಿಲ್ಲ; ಸ್ವದೇಶಾಭಿಮಾನವೂ ಒಂದು ಪೂರ್ವಗ್ರಹವೇ ತಾನೆ? ಅದೇ ವರ್ಷ ಅಲ್ಲಿಯ ವಿಜ್ಞಾನ ಅಕಾಡೆಮಿಯು ಬ್ಲಾಂಡ್ಲೊ ಅವರಿಗೆ 50,000 ಫ್ರಾಂಕುಗಳ ಪಾರಿತೋಷಕವನ್ನಿತ್ತಿತು, ಆದರೆ ಅವರ ಒಟ್ಟು ಸಾಧನೆಗೆಂದು ಹೇಳಿ! ಮುಂದೆ ಫ್ರೆಂಚ್ ಪತ್ರಿಕೆಯೊಂದು ಸರಳವಾದ ಪರೀಕ್ಷೆಯನ್ನು ಸೂಚಿಸಿತು: ಒಂದೇ ತೆರನಾದ ಎರಡು ಮುಚ್ಚಿದ ಪೆಟ್ಟಿಗೆಗಳು, ಒಂದರಲ್ಲಿ ಕಿರಣ ಸೂಸುವುದೆನ್ನಲಾದ ಉಕ್ಕು, ಇನ್ನೊಂದರಲ್ಲಿ ಸೀಸ. ಯಾವುದರಲ್ಲಿ ಉಕ್ಕಿದೆಯೆಂದು ಹೇಳಿದರೆ ಸಾಕು. ವಿದ್ಯಮಾನವು ಇಂಥ ಪರೀಕ್ಷೆಗೆ ಒಗ್ಗದಷ್ಟು ಸೂಕ್ಷ್ಮವೆಂದು ಹೇಳಿ ಬ್ಲಾಂಡ್ಲೊ 1906ರಲ್ಲಿ ಅದನ್ನು ನಿರಾಕರಿಸಿದರು.