ಒಂಟಿ ಗಾಲಿಯಲ್ಲಿ ಬೆಟ್ಟ ಹತ್ತುವವರು

ಸರ್ಕಸ್ಸಿನ ಡೇರೆಯಲ್ಲಿ ಒಂಟಿ ಗಾಲಿಯ ಸೈಕಲ್ ನೋಡದವರು ಕಡಿಮೆ. ಥಳಥಳಿಸುವ ಉಡುಪಿನ ಹುಡುಗಿಯೋ, ಕೆಂಪು ಮೂಗಿನ ಜೋಕರನೋ ಅದರ ಮೇಲೇರಿ ನಾಲ್ಕು ಸುತ್ತು ಹೊಡೆದರೆ ಸಾಕು, ಚಪ್ಪಾಳೆ ಬೀಳುತ್ತದೆ. ಆದರೆ ಡೇರೆಯ ನೆಲ ಸಮತಟ್ಟು, ಆಟ ಎರಡು ನಿಮಿಷದ್ದು. ಅದೇ ಸೈಕಲ್ಲನ್ನು ಬೆಟ್ಟದ ಬುಡದಲ್ಲಿ ನಿಲ್ಲಿಸಿ, ‘ಮುಂದೆ ಹನ್ನೆರಡು ಕಿಲೋಮೀಟರ್ ಏರುದಾರಿ, ಹತ್ತಿ ನೋಡೋಣ’ ಎಂದರೆ?

ಹತ್ತುವವರಿದ್ದಾರೆ! ಗೇರಿಲ್ಲ, ಹಿಡಿಯಲು ಹ್ಯಾಂಡಲ್ ಇಲ್ಲ, ತುಳಿಯುವುದನ್ನು ನಿಲ್ಲಿಸಿ ದಣಿವಾರಿಸಿಕೊಳ್ಳುವಂತೆಯೂ ಇಲ್ಲ. ಆದರೂ ಹತ್ತುತ್ತಾರೆ. ಯಾಕೆ ಎನ್ನುವುದಕ್ಕಿಂತ ಹೇಗೆ ಎನ್ನುವುದೇ ಇಲ್ಲಿ ಸ್ವಾರಸ್ಯ.

ಬಿರುಗಾಳಿಯ ಬೆಟ್ಟ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಮೌಂಟ್ ವಾಷಿಂಗ್ಟನ್ ಎಂಬ ಬೆಟ್ಟವಿದೆ. ಎತ್ತರ 1,917 ಮೀಟರ್. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದವು. ಆದರೆ ಹವೆಯಲ್ಲಿ ಅಜಗಜಾಂತರ. 1934ರ ಏಪ್ರಿಲ್ 12ರಂದು ಈ ಬೆಟ್ಟದ ತುದಿಯಲ್ಲಿರುವ ಹವಾಮಾನ ವೀಕ್ಷಣಾಲಯದಲ್ಲಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತು. 1996ರಲ್ಲಿ ಆಸ್ಟ್ರೇಲಿಯದ ಬ್ಯಾರೊ ದ್ವೀಪದಲ್ಲಿ ಚಂಡಮಾರುತವೊಂದು ಅದನ್ನು ಮೀರಿಸುವ ತನಕ ಭೂಮಿಯ ಮೇಲೆ ಅಳೆದ ಗಾಳಿಗಳಲ್ಲೆಲ್ಲ ಅದೇ ಬಿರುಸಿನದಾಗಿತ್ತು. ಬೇಸಿಗೆಯಲ್ಲೂ ಇಲ್ಲಿ ಬುಡದಲ್ಲಿ ಬಿಸಿಲು, ತುದಿಯಲ್ಲಿ ಕೊರೆಯುವ ಚಳಿ, ಕಣ್ಣು ಕಾಣದಷ್ಟು ಮಂಜು.

ಈ ಬೆಟ್ಟಕ್ಕೆ ಕುದುರೆ ಗಾಡಿಗಳಿಗೆಂದು ಮಾಡಿದ ರಸ್ತೆ 1861ರಲ್ಲಿ ಪೂರ್ಣಗೊಂಡಿತು. ಈಗ ಅದರಲ್ಲಿ ಕಾರುಗಳು ಓಡುತ್ತವೆ. ಉದ್ದ 12.2 ಕಿಲೋಮೀಟರ್. ಅಷ್ಟರಲ್ಲಿ ಏರಬೇಕಾದದ್ದು ಸುಮಾರು 1,400 ಮೀಟರ್. ನೂರು ಮೀಟರ್ ಮುಂದೆ ಹೋದರೆ ಸರಾಸರಿ ಹನ್ನೆರಡು ಮೀಟರ್ ಮೇಲೆ ಹೋದಂತೆ. ನಡುವೆ ಎಲ್ಲೂ ಇಳಿಜಾರಿಲ್ಲ. ತುದಿ ಮುಟ್ಟುವ ಕೊನೆಯ ತುಣುಕಂತೂ ನೂರಕ್ಕೆ ಇಪ್ಪತ್ತೆರಡರಷ್ಟು ಕಡಿದು.

ಈ ರಸ್ತೆಯಲ್ಲಿ 1973ರಲ್ಲಿ ಸೈಕಲ್ ಸ್ಪರ್ಧೆ ಆರಂಭವಾಯಿತು. ಗೇರಿನ ಸೈಕಲ್ ತುಳಿದ ವೃತ್ತಿಪರ ಸವಾರನೊಬ್ಬ 2002ರಲ್ಲಿ 49 ನಿಮಿಷ 24 ಸೆಕೆಂಡಿನಲ್ಲಿ ತುದಿ ಮುಟ್ಟಿ ದಾಖಲೆ ಬರೆದ. ಹವ್ಯಾಸಿಗಳಿಗೆ ಎರಡು ಗಂಟೆ ಹಿಡಿದರೂ ಅದು ಸಾಧನೆಯೇ. ಈ ಗುಂಪಿನ ನಡುವೆಯೇ ಒಂಟಿ ಗಾಲಿಯ ಸವಾರರೂ ಏರಿ ತುದಿ ಮುಟ್ಟಿದ್ದಾರೆ. ಮೇಲೇರಿದ ಮೇಲೆ ಯಾರೂ ಸೈಕಲ್ ತುಳಿದು ಇಳಿಯುವಂತಿಲ್ಲ. ಅಂಥ ಇಳಿಜಾರಿನಲ್ಲಿ ಬ್ರೇಕನ್ನು ನಂಬಲಾಗದು. ಕಾರಿನಲ್ಲಿ ಹೇರಿಕೊಂಡೇ ಕೆಳಗೆ ಬರಬೇಕು. ಈ ಸ್ಪರ್ಧೆಯಿಂದ ಬರುವ ಹಣ ಮಕ್ಕಳಿಗೂ ಹಿರಿಯರಿಗೂ ಪರಿಸರದ ಪಾಠ ಹೇಳುವ ಟಿನ್ ಮೌಂಟನ್ ಎಂಬ ಸ್ಥಳೀಯ ಸಂಸ್ಥೆಗೆ ಸಲ್ಲುತ್ತಾ ಬಂದಿದೆ.

ಲೆಕ್ಕ ಹಾಕಿ ನೋಡಿ

ವಿದ್ಯಾರ್ಥಿಗಳೇ, ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲಿಗೂ ಹಿಂಬದಿಯ ಗಾಲಿಗೂ ನಡುವೆ ಚೈನು ಇರುತ್ತದೆ. ಗೇರಿದ್ದರೆ ಏರು ಬಂದಾಗ ಬದಲಿಸಿ ಕಾಲಿನ ಹೊರೆ ಹಗುರ ಮಾಡಿಕೊಳ್ಳಬಹುದು. ಒಂಟಿ ಗಾಲಿಯಲ್ಲಿ ಪೆಡಲು ನೇರವಾಗಿ ಗಾಲಿಯ ನಡುಗುಂಬಕ್ಕೇ ಸೇರಿಕೊಂಡಿದೆ. ಕಾಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು.

24 ಅಂಗುಲ ವ್ಯಾಸದ ಗಾಲಿ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಸಾಗುತ್ತದೆ. 12.2 ಕಿಲೋಮೀಟರನ್ನು ಅದರಿಂದ ಭಾಗಿಸಿ. ಆರು ಸಾವಿರದ ನಾನ್ನೂರು ಸುತ್ತು! ನಿಮಿಷಕ್ಕೆ ಐವತ್ತು ಸುತ್ತಿನಂತೆ ಬಿಡದೆ ತುಳಿದರೂ ಎರಡು ಗಂಟೆ ಎಂಟು ನಿಮಿಷ ಬೇಕು. ವೇಗ ಗಂಟೆಗೆ ಐದೂಮುಕ್ಕಾಲು ಕಿಲೋಮೀಟರ್. ಚುರುಕಾಗಿ ನಡೆಯುವವರೊಬ್ಬರು ಪಕ್ಕದಲ್ಲೇ ಮಾತಾಡಿಕೊಂಡು ಬರಬಹುದು.

ಇನ್ನು ಭಾರದ ಲೆಕ್ಕ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. ನೂರಕ್ಕೆ ಹನ್ನೆರಡರ ಏರಿನಲ್ಲಿ ಸುಮಾರು ಒಂಬತ್ತೂವರೆ ಕಿಲೋ ಭಾರ ಹಿಂದಕ್ಕೆ ಜಗ್ಗುತ್ತಿರುತ್ತದೆ. ಕೊನೆಯ ಕಡಿದಾದ ಏರಿನಲ್ಲಿ ಅದು ಹದಿನೇಳು ಕಿಲೋ. ಗಾಲಿಯ ತ್ರಿಜ್ಯ ಮೂವತ್ತು ಸೆಂಟಿಮೀಟರ್, ಪೆಡಲಿನ ತೋಳು ಹದಿನೈದು ಸೆಂಟಿಮೀಟರ್. ಸನ್ನೆಗೋಲಿನ ನಿಯಮದಂತೆ ಪೆಡಲಿನ ಮೇಲೆ ಇದರ ಎರಡರಷ್ಟು, ಎಂದರೆ ಮೂವತ್ತನಾಲ್ಕು ಕಿಲೋ ಒತ್ತಡ ಸರಾಸರಿ ಬೇಕು. ಆದರೆ ಪೆಡಲಿನ ತೋಳು ನೆಟ್ಟಗೆ ಮೇಲೆ ಕೆಳಗೆ ನಿಂತಾಗ ಎಷ್ಟು ಒತ್ತಿದರೂ ಗಾಲಿ ತಿರುಗದು. ಆ ನಷ್ಟವನ್ನು ತೋಳು ಅಡ್ಡವಿದ್ದಾಗ ತುಂಬಿಕೊಳ್ಳಬೇಕು. ಆಗ ಒತ್ತಡ ಐವತ್ತು ಕಿಲೋ ದಾಟುತ್ತದೆ. ಹೆಚ್ಚುಕಡಿಮೆ ಮೈಭಾರವನ್ನೆಲ್ಲ ಒಂದು ಕಾಲಿನ ಮೇಲೆ ಹೇರಿದಂತೆ. ಅದಕ್ಕೇ ಸವಾರ ಒಂದು ಕೈಯಲ್ಲಿ ಸೀಟಿನ ಮುಂದಿನ ಹಿಡಿಯನ್ನು ಮೇಲಕ್ಕೆ ಜಗ್ಗುತ್ತಾ ಕಾಲನ್ನು ಕೆಳಕ್ಕೆ ಒತ್ತುತ್ತಾನೆ. ಇನ್ನೊಂದು ಕೈ ಗಾಳಿಯಲ್ಲಿ ತೋಲನಕ್ಕೆ.

ಇದಕ್ಕೆ ಗೇರು ಕಂಡುಹಿಡಿಯಲಿಲ್ಲವೇ ಎಂದು ನೀವು ಕೇಳಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಫ್ಲೋರಿಯನ್ ಶ್ಲುಂಫ್ ಒಂಟಿ ಗಾಲಿಗೂ ಎರಡು ಗೇರಿನ ಗುಂಬ ಮಾಡಿದರು. ಹಿಮ್ಮಡಿಯಿಂದ ಗುಂಡಿ ತಟ್ಟಿ ಅದನ್ನು ಬದಲಿಸಬೇಕು. ಆದರೆ ಅದು ಸಮತಟ್ಟು ರಸ್ತೆಯಲ್ಲಿ ವೇಗ ಹೆಚ್ಚಿಸಲು. ಏರಿನಲ್ಲಿ ಹೊರೆ ಇಳಿಸಲು ಅದು ನೆರವಾಗದು. ಏರಿಗೆ ಉಳಿದಿರುವ ಉಪಾಯ ಎರಡೇ: ಚಿಕ್ಕ ಗಾಲಿ ಅಥವಾ ಉದ್ದನೆಯ ಪೆಡಲ್ ತೋಳು. ಹೊರಡುವ ಮೊದಲೇ ಆರಿಸಿಕೊಳ್ಳಬೇಕು. ದಾರಿಯಲ್ಲಿ ಬದಲಿಸುವಂತಿಲ್ಲ.

ಬೀಳುವುದನ್ನೇ ನಡಿಗೆಯಾಗಿಸಿ

ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಆಟ ಎಲ್ಲರೂ ಆಡಿರುತ್ತೀರಿ. ಕೋಲು ಯಾವ ಕಡೆ ವಾಲಿತೋ ಆ ಕಡೆಗೇ ಅಂಗೈಯನ್ನು ಒಯ್ಯುತ್ತೀರಿ. ಒಂಟಿ ಗಾಲಿಯ ಗುಟ್ಟೂ ಅದೇ. ಸವಾರ ಮುಂದಕ್ಕೆ ಬೀಳತೊಡಗುತ್ತಾನೆ; ಜೋರಾಗಿ ತುಳಿದು ಗಾಲಿಯನ್ನು ತನ್ನ ಅಡಿಗೆ ತಂದುಕೊಳ್ಳುತ್ತಾನೆ. ಹಿಂದಕ್ಕೆ ವಾಲಿದರೆ ನಿಧಾನಿಸುತ್ತಾನೆ. ಪಕ್ಕಕ್ಕೆ ವಾಲಿದರೆ ಸೊಂಟ ತಿರುಗಿಸಿ ಗಾಲಿಯನ್ನು ಅತ್ತ ಹೊರಳಿಸುತ್ತಾನೆ.

ಸಮತಟ್ಟಿನಲ್ಲಿ ಇದು ಸರಾಗ. ಏರಿನಲ್ಲಿ ಮಾತ್ರ ತಾಪತ್ರಯ. ಕಾಲು ಸೋತು ಸುತ್ತು ನಿಧಾನವಾದಷ್ಟೂ ಗಾಲಿಯನ್ನು ಮುಂದಕ್ಕೆ ತರುವ ಶಕ್ತಿ ಕುಗ್ಗುತ್ತದೆ. ಪೆಡಲು ನೆಟ್ಟಗಾಗುವ ಆ ಕ್ಷಣದಲ್ಲಿ ಗಾಲಿ ನಿಂತಿತೋ, ಇಳಿದಂತೆಯೇ. ಮೊದಲ ಕಿಲೋಮೀಟರಿನಲ್ಲಿ ಹುಮ್ಮಸ್ಸಿನಿಂದ ತುಳಿದವನಿಗೆ ಈ ಶಿಕ್ಷೆ ಖಂಡಿತ. ಹಾಗೆ ಇಳಿದವನು ಮತ್ತೆ ಏರುವುದು ಇನ್ನೊಂದು ಪರೀಕ್ಷೆ. ಆಸರೆಗೆ ಗೋಡೆಯಿಲ್ಲ, ಕಂಬವಿಲ್ಲ. ರಸ್ತೆಗೆ ಅಡ್ಡಲಾಗಿ ಗಾಲಿ ತಿರುಗಿಸಿ, ಹತ್ತಿ, ನಾಲ್ಕು ಸುತ್ತು ತುಳಿದು ಮೆಲ್ಲಗೆ ಏರಿನ ಕಡೆ ಹೊರಳಬೇಕು. ಆದ್ದರಿಂದ ನುರಿತವರು ಹೇಳುವುದು ಒಂದೇ: ಬುಡದಲ್ಲಿ ನಿಧಾನ, ನಡುವೆ ಸಮ, ಉಳಿಸಿದ ಕಸುವೆಲ್ಲ ಕೊನೆಯ ಏರಿಗೆ.

ಶಾಲೆಯ ಅಂಗಳದಿಂದ

ಇದೆಲ್ಲ ಹುಚ್ಚು ಸಾಹಸವೆಂದು ಹಿರಿಯರಿಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ 1990ರ ದಶಕದ ಆರಂಭದಿಂದ ಒಂಟಿ ಗಾಲಿಯ ಸವಾರಿಗೆ ದೈಹಿಕ ಶಿಕ್ಷಣದ ಪಠ್ಯಕ್ರಮದಲ್ಲೇ ಜಾಗ ಸಿಕ್ಕಿತು. ಅಲ್ಲಿ ಎಷ್ಟೋ ಶಾಲೆಗಳ ಅಂಗಳದಲ್ಲಿ ಸಾಲಾಗಿ ಒಂಟಿ ಗಾಲಿಗಳು ನಿಂತಿರುತ್ತವೆ. ವಿರಾಮದ ವೇಳೆಯಲ್ಲಿ ಹುಡುಗಿಯರು ಕೈಕೈ ಹಿಡಿದು ಸುತ್ತುತ್ತಾರೆ. 1984ರಲ್ಲಿ ಅಮೆರಿಕದ ಸಿರಕ್ಯೂಸ್‌ನಲ್ಲಿ ಶುರುವಾದ ‘ಯೂನಿಕಾನ್’ ಎಂಬ ಜಾಗತಿಕ ಕೂಟದಲ್ಲಿ ಬೆಟ್ಟ ಹತ್ತುವ ಓಟವೂ ಒಂದು ಸ್ಪರ್ಧೆಯಾಗಿ ಬೆಳೆಯಿತು. ಕೆನಡಾದ ಕ್ರಿಸ್ ಹೋಮ್ ಎಂಬ ಭೂವಿಜ್ಞಾನಿ ಈ ಗಾಲಿಯನ್ನು ಪರ್ವತಗಳಿಗೆ ಒಯ್ದು ಜಗತ್ತಿನ ಗಮನ ಸೆಳೆದರು.

ಕಲಿಯುವ ಆಸೆಯಿದ್ದವರು ಬೆಟ್ಟದಿಂದ ಆರಂಭಿಸಬೇಕಿಲ್ಲ. ಒಂದು ಗೋಡೆ ಅಥವಾ ಬೇಲಿಯ ಆಸರೆ ಸಾಕು. ತಲೆಗೆ ಹೆಲ್ಮೆಟ್, ಮಂಡಿಗೆ ಮಣಿಕಟ್ಟಿಗೆ ರಕ್ಷಾಕವಚ ಇರಲೇಬೇಕು. ಹೊಸಬರು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ: ಮೈಭಾರವನ್ನು ಸೀಟಿನ ಮೇಲೆ ಬಿಡದೆ ಪೆಡಲಿನ ಮೇಲೆ ಬಿಡುವುದು. ಕೆಲವರಿಗೆ ವಾರದಲ್ಲಿ ಹಿಡಿತ ಸಿಕ್ಕೀತು, ಕೆಲವರಿಗೆ ತಿಂಗಳುಗಳೇ ಬೇಕಾದೀತು. ಮುಂದೆ ಹ್ಯಾಂಡಲ್ ಇಲ್ಲದ್ದರಿಂದ ಬಹುಪಾಲು ಸಲ ಬೀಳುವವನು ತನ್ನ ಕಾಲ ಮೇಲೇ ನಿಲ್ಲುತ್ತಾನೆ. ಪಾಲಕರು ಮಾಡಬೇಕಾದ ದೊಡ್ಡ ಉಪಕಾರವೆಂದರೆ, ಮಗು ಐವತ್ತನೆಯ ಸಲ ಇಳಿದಾಗ ‘ಸಾಕು ಬಿಡು’ ಎನ್ನದಿರುವುದು.

‘ಇದರಿಂದ ಏನು ಉಪಯೋಗ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಂಕ ಸಿಗದು, ಸೀಟು ಸಿಗದು. ಗೇರಿನ ಸೈಕಲ್ಲಿನವರು ತುದಿ ಮುಟ್ಟಿ ಕಂಬಳಿ ಹೊದ್ದು ಬಹಳ ಹೊತ್ತಾದ ಮೇಲೆ ಒಂಟಿ ಗಾಲಿಯವನು ಬರುತ್ತಾನೆ. ಅವನಿಗೆ ಮೊದಲ ಬಹುಮಾನವಿಲ್ಲ ಎಂಬುದು ಬುಡದಲ್ಲೇ ಗೊತ್ತಿತ್ತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಹತ್ತಿದವನಿಗೆ ಮಾತ್ರ ಅದರ ಒಂದೊಂದು ತಿರುವೂ ಗೊತ್ತು. ಆರು ಸಾವಿರದ ನಾನ್ನೂರು ಸುತ್ತುಗಳಲ್ಲಿ ಒಂದೇ ಒಂದು ಸುತ್ತೂ ಅವನಿಗೆ ಪುಕ್ಕಟೆಯಾಗಿ ಬಂದದ್ದಲ್ಲ.