ಕಥೆಯೂ ಅವರದೇ, ಗೆರೆಯೂ ಅವರದೇ

ಅಮರ ಚಿತ್ರಕಥೆ ಓದಿ ಬೆಳೆದವರಿಗೆ ಕಾಮಿಕ್ಸ್ ಎಂದರೆ ಇಬ್ಬರ ಕೆಲಸ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಬರೆದರು, ರಾಮ್ ವಾಯೀರ್‌ಕರ್ ಚಿತ್ರ ಬಿಡಿಸಿದರು, ‘ಕೃಷ್ಣ’ ಬಂತು. ಹಾಗಾಗಿ ಎರಡನ್ನೂ ಒಬ್ಬರೇ ಮಾಡಿದರೆ ಸವ್ಯಸಾಚಿ ಎಂದು ಬೆರಗಾಗುತ್ತೇವೆ. ಇತಿಹಾಸವನ್ನು ಕೆದಕಿದರೆ ಬೆರಗು ತಿರುಗುಮುರುಗಾಗುತ್ತದೆ. ಈ ಕಲೆ ಹುಟ್ಟಿದ್ದೇ ಒಂದು ಕೈಯಲ್ಲಿ. ಕಥೆಗಾರ, ಚಿತ್ರಕಾರ ಎಂದು ಪಾಲಾದದ್ದು ಆಮೇಲೆ, ವ್ಯಾಪಾರದ ಲೆಕ್ಕಾಚಾರದಲ್ಲಿ.

ಆಧುನಿಕ ಕಾಮಿಕ್ಸ್‌ನ ಮೂಲಪುರುಷ ಎಂದು ಬಹಳಷ್ಟು ಇತಿಹಾಸಕಾರರು ಗುರುತಿಸುವ ರೊಡಾಲ್ಫ್ ಟಾಪ್ಫರ್ ಜಿನೀವಾದ ಮೇಷ್ಟ್ರು. ತಂದೆ ವರ್ಣಚಿತ್ರಕಾರ, ಮಗನಿಗೂ ಅದೇ ಆಸೆ, ಆದರೆ ಕಣ್ಣಿನ ಬೇನೆ ಬಿಡಲಿಲ್ಲ. ಹುಡುಗರ ವಸತಿಶಾಲೆ ನಡೆಸುತ್ತ, ಅವರನ್ನು ನಗಿಸಲು 1827ರ ಸುಮಾರಿಗೆ ಚಿತ್ರಗಳ ಸಾಲಿನಲ್ಲಿ ಕಥೆ ಹೇಳತೊಡಗಿದರು. ಜರ್ಮನ್ ಕವಿ, ಮುದುಕ ಗಯಟೆ ಅವನ್ನು ನೋಡಿ ಮೆಚ್ಚಿದ. ನನಗೆ ಮುಖ್ಯವೆನಿಸುವುದು ಅವರು ಆರಿಸಿಕೊಂಡ ಮುದ್ರಣವಿಧಾನ. ವಿಶೇಷ ಕಾಗದದ ಮೇಲೆ ಲೇಖನಿಯಿಂದ ಗೀಚಿದ್ದನ್ನು ಕಲ್ಲಿಗೆ ಇಳಿಸಿ ಅಚ್ಚು ಹಾಕುತ್ತಿದ್ದುದರಿಂದ ಅಕ್ಷರಗಳನ್ನು ಕನ್ನಡಿಬಿಂಬದಂತೆ ತಿರುಗಿಸಿ ಬರೆಯಬೇಕಿರಲಿಲ್ಲ. ಮೂಗಿನ ಗೆರೆ ಎಳೆದ ಲೇಖನಿಯೇ ಕೆಳಗಿನ ಸಾಲನ್ನೂ ಬರೆಯಿತು. ಬರಹವಿಲ್ಲದೆ ತನ್ನ ಚಿತ್ರಗಳು ಮಸುಕು, ಚಿತ್ರವಿಲ್ಲದೆ ಬರಹಕ್ಕೆ ಅರ್ಥವೇ ಇಲ್ಲ ಎಂದು ಅವರೇ ವಿವರಿಸಿದ್ದುಂಟು.

ಪಾಲು ಮಾಡಿದ್ದು ನ್ಯೂಯಾರ್ಕ್. 1930ರ ದಶಕದಲ್ಲಿ ಕಾಮಿಕ್ ಪುಸ್ತಕಗಳಿಗೆ ಬೇಡಿಕೆ ಏರಿದಾಗ ಪ್ರಕಾಶಕರಿಗೆ ಪುಟಗಳನ್ನು ಒದಗಿಸುವ ಕಾರ್ಖಾನೆಗಳೇ ಎದ್ದವು. ವಿಲ್ ಐಸ್ನರ್ ಮತ್ತು ಜೆರ‍್ರಿ ಐಗರ್ 1936ರಲ್ಲಿ ಕಟ್ಟಿದ್ದು ಅಂಥದೊಂದು. ಒಬ್ಬ ಕಥೆ ಹೊಸೆದರೆ ಇನ್ನೊಬ್ಬ ಪೆನ್ಸಿಲ್ ಎಳೆದ, ಮತ್ತೊಬ್ಬ ಮಸಿ ಹಾಕಿದ, ಮಗದೊಬ್ಬ ಅಕ್ಷರ ಬರೆದ. ಕೂಲಿ ಪುಟದ ಲೆಕ್ಕ. 1938ರಲ್ಲಿ ಕಥೆಗಾರ ಜೆರ‍್ರಿ ಸೀಗಲ್, ಚಿತ್ರಕಾರ ಜೋ ಶುಸ್ಟರ್ ಇಬ್ಬರೂ ಸೇರಿ ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಮಾರಿಕೊಂಡರು: 13 ಪುಟ, ಪುಟಕ್ಕೆ 10 ಡಾಲರ್. ಕೆಲಸ ಹಂಚಿಹೋದಲ್ಲಿ ಯಾರನ್ನು ಬೇಕಾದರೂ ಬದಲಿಸಬಹುದು, ಪಾತ್ರ ಮಾತ್ರ ಕಂಪನಿಯ ಸ್ವತ್ತಾಗಿ ಉಳಿಯುತ್ತದೆ. ಇದೇ ಹೊತ್ತಿಗೆ ದಿನಪತ್ರಿಕೆಯ ಪುಟಗಳಲ್ಲಿ ಜಾರ್ಜ್ ಹೆರಿಮನ್ ತನ್ನ ‘ಕ್ರೇಜಿ ಕ್ಯಾಟ್’ ಅನ್ನು ತಾನೇ ಬರೆದು ಬಿಡಿಸುತ್ತಲೇ ಇದ್ದ ಎಂಬುದನ್ನು ಮರೆಯಬಾರದು.

ಹಾಗಾದರೆ ‘ಆಸ್ಟೆರಿಕ್ಸ್’? ‘ವಾಚ್‌ಮೆನ್’? ಜೋಡಿಗಳು ಕೊಟ್ಟ ಈ ಕೃತಿಗಳ ಮುಂದೆ ನನ್ನ ವಾದ ಸೊರಗುವುದಿಲ್ಲವೇ? ಆಕ್ಷೇಪ ಗಟ್ಟಿಯಾದದ್ದೇ. ಕಥೆಗಾರ ಗೊಸಿನಿ 1977ರಲ್ಲಿ ತೀರಿಕೊಂಡ ಮೇಲೆ ಚಿತ್ರಕಾರ ಉಡೆರ್ಜೊ ಒಬ್ಬರೇ ಮುಂದುವರಿಸಿದ ಆಸ್ಟೆರಿಕ್ಸ್‌ನಲ್ಲಿ ಹಿಂದಿನ ಮಾತಿನ ಮೊನಚಿಲ್ಲ. ಇಬ್ಬರ ಕೆಲಸವನ್ನು ಒಬ್ಬರ ಹೆಗಲಿಗೆ ಹೊರಿಸಿದರೆ ಕೃತಿ ತಾನಾಗಿ ಹಿರಿದಾಗದು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಗೊಸಿನಿ ಕಸುಬು ಶುರುಮಾಡಿದ್ದು ಚಿತ್ರಕಾರನಾಗಿ. ‘ವಾಚ್‌ಮೆನ್’ ಬರೆದ ಅಲನ್ ಮೂರ್ ಕೂಡ ಮೊದಲು ಸ್ವಂತ ಸ್ಟ್ರಿಪ್‌ಗಳನ್ನು ಬಿಡಿಸುತ್ತಿದ್ದವರು. ಅವರ ಹಸ್ತಪ್ರತಿಯಲ್ಲಿ ಒಂದೊಂದು ಚೌಕಟ್ಟಿನ ವಿವರವೂ ಪ್ಯಾರಾಗಟ್ಟಲೆ ಹರಿಯುತ್ತದೆ. ಕಾಮಿಕ್ಸ್‌ಗೆ ಒಳ್ಳೆಯದಾಗಿ ಬರೆದವರು ಕಣ್ಣಿನಲ್ಲಿ ಮೊದಲೇ ಬಿಡಿಸಿದವರು. ಎಷ್ಟು ಹೊತ್ತು ಮೌನ, ಯಾವ ಚೌಕಟ್ಟು ಕಿರಿದು, ಪುಟ ತಿರುವಿದಾಗ ಏನು ಕಾಣಬೇಕು ಎಂಬ ತೀರ್ಮಾನಗಳೇ ಇಲ್ಲಿ ಬರವಣಿಗೆ. ಮಾತಿನ ಗುಳ್ಳೆ ತುಂಬುವುದು ಅದರ ಸಣ್ಣ ಪಾಲು.

ಪಾಲಾದದ್ದು ಮತ್ತೆ ಕೂಡಿದ್ದು ಮಾರುಕಟ್ಟೆಯ ಅಂಚಿನಲ್ಲಿ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾಬರ್ಟ್ ಕ್ರಂಬ್ ತಾವೇ ಬರೆದು ಬಿಡಿಸಿದ ‘ಜ್ಯಾಪ್’ ಕಾಮಿಕ್ಸ್ ತಂದರು. ಕಾರ್ಖಾನೆ ಕಟ್ಟಿದ ಅದೇ ಐಸ್ನರ್ 1978ರಲ್ಲಿ, ಅರವತ್ತು ದಾಟಿದ ಮೇಲೆ, ಬ್ರಾಂಕ್ಸ್‌ನ ವಠಾರದ ಬಡವರ ಕಥೆಗಳನ್ನು ತಾವೇ ಬರೆದು ಬಿಡಿಸಿ ‘ಎ ಕಾಂಟ್ರ್ಯಾಕ್ಟ್ ವಿತ್ ಗಾಡ್’ ಎಂದು ಕರೆದರು. ಆರ್ಟ್ ಸ್ಪೀಗಲ್‌ಮನ್‌ರ ‘ಮೌಸ್’ ಇನ್ನೂ ಮುಂದೆ ಹೋಯಿತು. ನಾಜಿ ಶಿಬಿರದಿಂದ ಬದುಕಿ ಬಂದ ತಂದೆಯ ಮಾತನ್ನು ಅವರು ಫೌಂಟನ್ ಪೆನ್ನಿನಲ್ಲಿ, ಅಚ್ಚಾಗುವ ಅಳತೆಯಲ್ಲೇ, ದಿನಚರಿಯ ಹಾಗೆ ಬಿಡಿಸಿದರು. ಟಾಪ್ಫರ್ ಮೇಷ್ಟರ ಲೇಖನಿ ಮರಳಿ ಬಂದಂತೆ. ಮುನ್ನೂರು ಪುಟವೂ ಇಲ್ಲದ ಕೃತಿಗೆ ಹದಿಮೂರು ವರ್ಷ ಹಿಡಿಯಿತು. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಈ ನಿಧಾನವೇ ಒಂಟಿ ಕೈಗೆ ತೆರಬೇಕಾದ ಬೆಲೆ, ಎಲ್ಲರ ಮನೆಯ ಒಲೆ ಅಷ್ಟು ಕಾಯುವುದಿಲ್ಲ.

ನಮ್ಮ ದೇಶದಲ್ಲಿ ಬಂಗಾಳದ ನಾರಾಯಣ ದೇಬನಾಥ್ 1962ರಿಂದ ‘ಹಾಂದಾ ಭೋಂದಾ’ವನ್ನು ಬರೆದು ಬಿಡಿಸುತ್ತ ದಶಕಗಳನ್ನೇ ಕಳೆದರು. ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಎಂದು ಹಲವರು ಹೇಳುವ, ನರ್ಮದಾ ಅಣೆಕಟ್ಟೆಯ ವಿರುದ್ಧದ ಹೋರಾಟವನ್ನು ಹಿಡಿದಿಟ್ಟ ‘ರಿವರ್ ಆಫ್ ಸ್ಟೋರೀಸ್’ ಕೂಡ ಓರಿಜಿತ್ ಸೇನ್ ಎಂಬ ಒಬ್ಬರದೇ ಕೆಲಸ. 1994ರಲ್ಲಿ ಅದನ್ನು ಹೊರತಂದದ್ದು ಕಲ್ಪವೃಕ್ಷ ಎಂಬ ಪರಿಸರ ಸಂಘಟನೆ. ಬಹುಕಾಲ ಅಂಗಡಿಗಳಲ್ಲಿ ಸಿಗದಿದ್ದ ಆ ಪುಸ್ತಕ 2022ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನದಿಂದ ಮತ್ತೆ ಅಚ್ಚಾಯಿತು.