ಕರ್ನಲ್ ಹೇಳದೇ ಕೈಬಿಡುವ ಆಯ್ಕೆಗಳು

2025ರ ಮೇ ತಿಂಗಳಲ್ಲಿ ಬಂದ ಲಿನಕ್ಸ್ 6.15 ಕರ್ನಲ್ ಒಂದು ಹಳೇ ಆಯ್ಕೆಯನ್ನು ಕೈಬಿಟ್ಟಿತು. ಇಂಟೆಲ್ ಮಾದರಿಯ 32 ಬಿಟ್ ಕರ್ನಲ್‌ಗೆ 4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸಲು ಬಿಡುತ್ತಿದ್ದ ಆಯ್ಕೆ ಅದು. ಬೆಂಗಳೂರಿನ ಕಂಪನಿಗಳಿಗೆ ಇದರ ಬಿಸಿ ತಟ್ಟಿರಲಿಕ್ಕಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆ ಹಳೇ ಕಂಪ್ಯೂಟರ್ ರಿಪೇರಿ ಮಾಡುವ ನನ್ನಂಥವರಿಗೆ ಇದು ಲೆಕ್ಕಕ್ಕೆ ಬರುವ ಸಂಗತಿ.

ಕರ್ನಲ್ ಅಂದರೆ ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲದರ ಜೊತೆ ನೇರವಾಗಿ ವ್ಯವಹರಿಸುವ ಭಾಗ. ಅದನ್ನು ಕಂಪೈಲ್ ಮಾಡುವಾಗ ಸಾವಿರಾರು ಆಯ್ಕೆಗಳಿಗೆ ಬೇಕು, ಬೇಡ, ಇಲ್ಲವೇ ಬೇಕಾದಾಗ ಸೇರಿಸಿಕೊ ಅಂತ ಉತ್ತರ ಕೊಡಬೇಕು. ಉತ್ತರಗಳೆಲ್ಲ ಒಂದು ಕಾನ್ಫಿಗ್ ಫೈಲಿನಲ್ಲಿ ಉಳಿಯುತ್ತವೆ. ಹೊಸ ಕರ್ನಲ್‌ಗೂ ಅದೇ ಹಳೇ ಫೈಲು ಕೊಡುವುದು ರೂಢಿ.

ತೊಡಕು ಇರುವುದು ಇಲ್ಲೇ. ಹೊಸ ಆಯ್ಕೆ ಸೇರಿದ್ದರೆ ನಿಮ್ಮನ್ನು ಕೇಳುತ್ತದೆ. ಹಳೆಯದು ಹೋಗಿದ್ದರೆ ಆ ಸಾಲನ್ನು ತುಟಿ ಪಿಟಕ್ಕೆನ್ನದೆ ಬಿಟ್ಟುಬಿಡುತ್ತದೆ. ರೈಸ್ ಮಿಲ್ಲಿನ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ 8 ಜಿಬಿ ಇದ್ದು ಕರ್ನಲ್ 32 ಬಿಟ್‌ನದಾಗಿದ್ದರೆ, ಅಪ್‌ಡೇಟ್ ಆದಮೇಲೂ ಅದು ಚಾಲೂ ಆಗುತ್ತದೆ. ಅರ್ಧ ಮೆಮೊರಿ ಮಾತ್ರ ಮಾಯ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿ ನಿಂತಾಗ ಮಿಷನ್ ಯಾಕೋ ನಿಧಾನ ಅಂತ ಮಾಲೀಕರು ಗೊಣಗುತ್ತಾರೆ. ಕಾರಣ ಯಾರಿಗೂ ಹೊಳೆಯುವುದಿಲ್ಲ.

ಹಾಗಂತ ತೆಗೆಯುವುದೇ ತಪ್ಪು ಅನ್ನುವವನು ನಾನಲ್ಲ. ಒಂದೊಂದು ಆಯ್ಕೆಯ ಹಿಂದೆಯೂ ಕೋಡ್ ಇರುತ್ತದೆ, ಅದನ್ನು ಯಾರಾದರೂ ಪರೀಕ್ಷಿಸುತ್ತಲೇ ಇರಬೇಕು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದದ್ದೇ ಇಂಟೆಲ್ 386 ಚಿಪ್ ಇದ್ದ ಕಂಪ್ಯೂಟರಿನಲ್ಲಿ. 2012ರ ಡಿಸೆಂಬರ್‌ನಲ್ಲಿ ಆ 386ಕ್ಕೇ ಬಾಗಿಲು ಹಾಕಿದರು. ಇಟಾನಿಯಂ ಚಿಪ್ಪಿನ ಬೆಂಬಲ 6.7ರಲ್ಲಿ ಹೋಯಿತು. ಫ್ಲಾಪಿ ಡ್ರೈವರ್ ಕಥೆ ಬೇರೆ. ನೋಡಿಕೊಳ್ಳುತ್ತಿದ್ದವರ ಬಳಿ ಓಡುವ ಫ್ಲಾಪಿ ಡ್ರೈವೇ ಇಲ್ಲದೆ 2019ರಲ್ಲಿ ಅದು ಅನಾಥವೆಂದು ದಾಖಲಾಯಿತು. ಆಮೇಲೆ ಇನ್ನೊಬ್ಬರು ಮುಂದೆ ಬಂದರು, ಡ್ರೈವರ್ ಉಳಿಯಿತು.

ಯಾರೂ ಬಳಸುತ್ತಿಲ್ಲ ಎಂದು ತೀರ್ಮಾನವಾಗುವುದು ಹೆಚ್ಚಾಗಿ ಯಾರೂ ದೂರು ಹೇಳಿಲ್ಲ ಅನ್ನುವುದರಿಂದ. ಕುರುಗೋಡಿನ ಅಂಗಡಿಯವರು ಕರ್ನಲ್ ಡೆವಲಪರ್‌ಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಾರೆಯೇ? ನಮ್ಮೂರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬಳ್ಳಾರಿ ಆಯಿತು, ಆದರೆ ರೈಲ್ವೆ ನಿಲ್ದಾಣದ ಕೋಡ್ ಇಂದಿಗೂ ಬಿಎವೈ. ಆ ಮೂರಕ್ಷರವನ್ನು ನೆಚ್ಚಿಕೊಂಡ ಟಿಕೆಟ್ ವ್ಯವಸ್ಥೆ ರೈಲ್ವೆಯ ಕಣ್ಣೆದುರಿಗೇ ಇದೆ. ಮಿಲ್ಲಿನ ಮೂಲೆಯ ಕಂಪ್ಯೂಟರ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಇತ್ತೀಚಿನ ಕರ್ನಲ್‌ಗಳಲ್ಲಿ, ಹಳೇ ಫೈಲಿನಲ್ಲಿ ಗುರುತು ಸಿಗದ ಆಯ್ಕೆ ಇದ್ದರೆ ಎಚ್ಚರಿಸುವ ಸೌಲಭ್ಯ ಇದೆ. ಆದರೆ ಅದನ್ನು ನಾವೇ ಚಾಲೂ ಮಾಡಬೇಕು. ನನ್ನ ಪ್ರಕಾರ ಅದು ತಾನಾಗಿಯೇ ಚಾಲೂ ಇರಬೇಕಿತ್ತು. ಸದ್ಯಕ್ಕೆ ಹಳೇ ಫೈಲು, ಹೊಸ ಫೈಲು ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಸಾಲು ಮಾಯವಾಗಿದೆ ಅಂತ ನೋಡುವುದೂ ಒಂದು ದಾರಿ. ಕಂಪೈಲ್ ಗೊಡವೆಯೇ ಬೇಡ ಅನ್ನುವವರು ಟರ್ಮಿನಲ್‌ನಲ್ಲಿ ಮೆಮೊರಿ ಎಷ್ಟು ತೋರಿಸುತ್ತದೆ ಅಂತ ಅಪ್‌ಡೇಟ್‌ಗೆ ಮುಂಚೆ ಒಮ್ಮೆ, ಆಮೇಲೊಮ್ಮೆ ನೋಡಿ. 8 ಜಿಬಿ ಹಾಕಿಸಿಕೊಂಡ ಕಂಪ್ಯೂಟರ್‌ಗಳಲ್ಲಿ ಬಹುಪಾಲು 64 ಬಿಟ್‌ನವೇ. ಒಳಗೆ ಕೂತ ಲಿನಕ್ಸ್ ಮಾತ್ರ ಹಳೇದು. ಬ್ಯಾಕಪ್ ತೆಗೆದು 64 ಬಿಟ್ ಆವೃತ್ತಿ ಹಾಕಿಸಿಕೊಳ್ಳಲು ಅರ್ಧ ದಿನ ಸಾಕು, ಸುಗ್ಗಿಗೆ ಮುಂಚೆ.